ಕೀಹೋಲ್ ಶಸ್ತ್ರಚಿಕಿತ್ಸೆಯ ಅನುಕರಣ ತರಬೇತಿ

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಅರ್ಧದಿಂದ ಒಂದು ಸೆಂಟಿಮೀಟರ್ ಅಗಲದ ಮೂರು ನಾಲ್ಕು ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗಿಳಿಸಿ, ಪರದೆಯನ್ನು ನೋಡುತ್ತ ಮಾಡುವ ಚಿಕಿತ್ಸೆಯೇ ಕೀಹೋಲ್ ಶಸ್ತ್ರಚಿಕಿತ್ಸೆ. ಉದರದರ್ಶಕ ಶಸ್ತ್ರಚಿಕಿತ್ಸೆ, ಲ್ಯಾಪರೋಸ್ಕೋಪಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಇದಕ್ಕೆ ಬೇಕಾದ ಕೈಚಳಕವನ್ನು ರೋಗಿಯ ಮೈಮೇಲೆ ಕಲಿಯುವ ಬದಲು ತರಬೇತಿ ಪೆಟ್ಟಿಗೆ, ಕಂಪ್ಯೂಟರ್ ಯಂತ್ರ, ಪ್ರಾಣಿಗಳ ಅಂಗಾಂಶ ಅಥವಾ ದಾನವಾಗಿ ಬಂದ ಮೃತದೇಹದ ಮೇಲೆ ಮೊದಲೇ ರೂಢಿಸಿಕೊಳ್ಳುವ ಕ್ರಮಕ್ಕೆ ಅನುಕರಣ ತರಬೇತಿ ಅಥವಾ ಸಿಮ್ಯುಲೇಷನ್ ಎನ್ನುತ್ತಾರೆ. ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶದ ಶಸ್ತ್ರಚಿಕಿತ್ಸೆಗಳಲ್ಲಿ ದೊಡ್ಡ ಪಾಲು ಇಂದು ಈ ವಿಧಾನದಲ್ಲೇ ನಡೆಯುವುದರಿಂದ ಇಂಥ ತರಬೇತಿ ಕೆಲವೇ ಪರಿಣತರ ವಿಷಯವಾಗಿ ಉಳಿದಿಲ್ಲ. ಎಂಎಸ್ ಸರ್ಜರಿಗೆ ಸೇರಿದ ಪ್ರತಿ ವಿದ್ಯಾರ್ಥಿಗೂ ಅದು ಬೇಕು.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಕೈ ಕೀಹೋಲ್‌ನಲ್ಲಿ ತಡವರಿಸುವುದಕ್ಕೆ ಸ್ಪಷ್ಟ ಕಾರಣಗಳಿವೆ. ಸುಮಾರು ಒಂದಡಿ ಉದ್ದದ, ಐದು ಮಿಲಿಮೀಟರ್ ದಪ್ಪದ ಉಪಕರಣವು ಹೊಟ್ಟೆಯ ಗೋಡೆಯ ರಂಧ್ರದಲ್ಲಿ ಕೂರಿಸಿದ ಪೋರ್ಟ್ ಎಂಬ ಕೊಳವೆಯನ್ನು ಆನಿಕೆಯಾಗಿಸಿಕೊಂಡು ಚಲಿಸುತ್ತದೆ. ಏತದ ಮರದ ಒಂದು ತುದಿ ತಗ್ಗಿದರೆ ಇನ್ನೊಂದು ಏರುವ ಹಾಗೆ, ಹೊರಗೆ ಕೈ ಬಲಕ್ಕೆ ಹೋದರೆ ಒಳಗೆ ತುದಿ ಎಡಕ್ಕೆ ಹೋಗುತ್ತದೆ, ಕೈ ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ಉಪಕರಣ ಎಷ್ಟು ಒಳಗಿದೆ ಎಂಬುದರ ಮೇಲೆ ಚಲನೆಯ ಪ್ರಮಾಣವೂ ಬದಲಾಗುತ್ತದೆ. ತುಂಬ ಒಳಕ್ಕೆ ಇಳಿದಿದ್ದಾಗ ಕೈಯ ಸಣ್ಣ ನಡುಕವೂ ಹಿಗ್ಗಿ ಕಾಣುತ್ತದೆ. ಮಣಿಕಟ್ಟು, ಬೆರಳುಗಳಿಗೆ ಸಹಜವಾಗಿರುವ ಎಷ್ಟೋ ತಿರುವುಗಳು ನೇರ ಸರಳಿನಂಥ ಉಪಕರಣಕ್ಕೆ ಸಾಧ್ಯವಿಲ್ಲ. ಪರದೆಯ ಮೇಲಿನ ಚಿತ್ರ ಚಪ್ಪಟೆಯಾದ್ದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ನೆರಳು, ಗಾತ್ರ, ಸ್ಪರ್ಶದ ಸುಳಿವಿನಿಂದ ಊಹಿಸಬೇಕು. ಆ ಸ್ಪರ್ಶವೂ ಪೋರ್ಟಿನ ರಬ್ಬರ್ ಕವಾಟದ ಘರ್ಷಣೆಯಲ್ಲಿ ಮಸುಕಾಗುತ್ತದೆ. ಇಷ್ಟರ ಮೇಲೆ, ನೋಡುವ ಕಣ್ಣು ಸರ್ಜನ್‌ನದಲ್ಲ. ಕ್ಯಾಮೆರಾವಿರುವ ಸ್ಕೋಪ್ ಹಿಡಿದವರು ಎತ್ತ ತಿರುಗಿಸುತ್ತಾರೋ ಅತ್ತಲೇ ನೋಟ.

ಇವ್ಯಾವುವೂ ಪುಸ್ತಕ ಓದಿ ಬರುವಂಥವಲ್ಲ. ಮಿದುಳು ಈ ತಿರುವುಮುರುವನ್ನು ಹಲವು ಬಾರಿ ಮಾಡಿ ಮಾಡಿ ಒಗ್ಗಿಸಿಕೊಳ್ಳಬೇಕು. ಒಗ್ಗುವವರೆಗಿನ ತಪ್ಪುಗಳು ಎಲ್ಲಿ ಆಗಬೇಕು ಎಂಬುದೇ ಅನುಕರಣ ತರಬೇತಿಯ ಹಿಂದಿರುವ ಮೂಲ ಪ್ರಶ್ನೆ.

ಆ ಪ್ರಶ್ನೆ ಎದ್ದದ್ದು ರೋಗಿಗಳಿಗೆ ಆದ ಹಾನಿಯಿಂದ. ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ 1980ರಲ್ಲಿ ಉದರದರ್ಶಕದಿಂದ ಅಪೆಂಡಿಕ್ಸ್ ತೆಗೆದರು. ಅದೇ ದೇಶದ ಬೋಬ್ಲಿಂಗನ್‌ನಲ್ಲಿ ಎರಿಕ್ ಮ್ಯೂಹೆ 1985ರ ಸೆಪ್ಟೆಂಬರಿನಲ್ಲಿ ಪಿತ್ತಕೋಶ ತೆಗೆದರು. 1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೂರೆ ಮಾಡಿದ ಶಸ್ತ್ರಚಿಕಿತ್ಸೆಯ ನಂತರ ಈ ವಿಧಾನ ಎರಡು ಮೂರು ವರ್ಷಗಳಲ್ಲೇ ಜಗತ್ತಿಗೆಲ್ಲ ಹಬ್ಬಿತು. ಭಾರತದಲ್ಲಿ 1990ರಲ್ಲಿ ಮುಂಬೈಯಲ್ಲಿ ತೆಹೆಮ್ಟನ್ ಉದ್ವಾಡಿಯ ಇದನ್ನು ಆರಂಭಿಸಿದರು. ಕರ್ನಾಟಕದ ಹಳ್ಳಿಗಳಿಗೆ ಉದರದರ್ಶಕದ ಹೆಸರು ಅದಕ್ಕೂ ಮೊದಲೇ ಸಂತಾನಶಕ್ತಿಹರಣ ಶಿಬಿರಗಳಿಂದ ಪರಿಚಿತವಾಗಿತ್ತು. ಆದರೆ ಅಲ್ಲಿ ಕೆಲಸ ಕೆಲವೇ ನಿಮಿಷಗಳದು, ಗರ್ಭನಾಳಕ್ಕೆ ಉಂಗುರ ತೊಡಿಸುವುದಷ್ಟೇ. ಪಿತ್ತಕೋಶದಂಥ ಅಂಗವನ್ನು ಯಕೃತ್ತಿನಿಂದ ಬಿಡಿಸಿ ತೆಗೆಯುವುದು ಬೇರೆಯೇ ಮಟ್ಟದ ಕೆಲಸ. ಎರಡು ದಿನಗಳ ಕಾರ್ಯಾಗಾರ ಮುಗಿಸಿ ಮುಂದಿನ ವಾರವೇ ರೋಗಿಯ ಮೇಲೆ ಕೈಯಿಟ್ಟ ಸರ್ಜನ್‌ಗಳು ಆಗ ಹಲವು ದೇಶಗಳಲ್ಲಿ ಇದ್ದರು.

ಅಮೆರಿಕದ ದಕ್ಷಿಣ ರಾಜ್ಯಗಳ ಸರ್ಜನ್‌ಗಳ ಸಂಘವೊಂದು 1991ರಲ್ಲಿ 1,518 ರೋಗಿಗಳ ವಿವರ ಪ್ರಕಟಿಸಿತು. ಪ್ರತಿ ಶಸ್ತ್ರವೈದ್ಯ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಗಾಯವಾದ ಪ್ರಮಾಣ ಶೇ 2.2, ಆಮೇಲಿನ ರೋಗಿಗಳಲ್ಲಿ ಅದು ಶೇ 0.1. ಪಿತ್ತನಾಳ ಕತ್ತರಿಸಿ ಹೋದರೆ ಮತ್ತೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆವಾಸ, ಕೆಲವರಿಗೆ ಜೀವನಪರ್ಯಂತ ಯಕೃತ್ತಿನ ತೊಂದರೆ. ಹದಿನಾಲ್ಕನೆಯವರಾಗಿ ಬರಬೇಕೆಂದು ಯಾವ ರೋಗಿಯೂ ಆರಿಸಿಕೊಳ್ಳಲಾರರು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಆಪರೇಷನ್ ಥಿಯೇಟರಿನ ಹೊರಗೇ ದಾಟಬೇಕು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಅನುಕರಣ ಸಾಧನಗಳಲ್ಲಿ ಅತ್ಯಂತ ಹಳೆಯದೂ ಸರಳವೂ ಆದದ್ದು ಪೆಟ್ಟಿಗೆ. ಸೆಮ್ ತಮ್ಮ ಶಿಷ್ಯರಿಗಾಗಿ ಪೆಲ್ವಿ-ಟ್ರೇನರ್ ಎಂಬ ಪೆಟ್ಟಿಗೆಯನ್ನು ರೂಪಿಸಿದ್ದರು. ಭಾರತದ ಶಸ್ತ್ರವೈದ್ಯರು ಇಂಥದ್ದನ್ನು ಎಂಡೋಟ್ರೇನರ್ ಎಂದೇ ಕರೆಯುತ್ತಾರೆ. ಮೇಲ್ಮುಚ್ಚಳದಲ್ಲಿ ರಂಧ್ರಗಳು, ಒಳಗೊಂದು ದೀಪ, ಕ್ಯಾಮೆರಾ, ಹೊರಗೊಂದು ಪರದೆ. ಉಪಕರಣಗಳು ನಿಜವಾದವೇ ಆದ್ದರಿಂದ ಅವುಗಳ ತೂಕ, ಹಿಡಿ, ತಿರುಗಣೆಯ ಚಕ್ರ, ಘರ್ಷಣೆ ಎಲ್ಲವೂ ಥಿಯೇಟರಿನಲ್ಲಿ ಇರುವಂತೆಯೇ ಇರುತ್ತವೆ. ಇದೇ ಪೆಟ್ಟಿಗೆಯ ದೊಡ್ಡ ಬಲ.

ಪೆಟ್ಟಿಗೆಯೊಳಗೆ ಮಾಡಬೇಕಾದ ಅಭ್ಯಾಸಗಳಿಗೆ ಒಂದು ಶಿಸ್ತು ಬಂದದ್ದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ಜೆರಾಲ್ಡ್ ಫ್ರೀಡ್ ಮತ್ತು ಸಂಗಡಿಗರು ಅಲ್ಲಿ ರೂಪಿಸಿದ ಅಭ್ಯಾಸಗಳನ್ನು ಆಧರಿಸಿ ಅಮೆರಿಕದ ಜೀರ್ಣಾಂಗ ಮತ್ತು ಎಂಡೋಸ್ಕೋಪಿ ಸರ್ಜನ್‌ಗಳ ಸಂಘಟನೆ ಸೇಜಸ್ 2004ರಲ್ಲಿ ಎಫ್‌ಎಲ್‌ಎಸ್ ಎಂಬ ಪಠ್ಯ ಮತ್ತು ಪರೀಕ್ಷೆಯನ್ನು ಹೊರತಂದಿತು. ಅದರಲ್ಲಿ ಕೈಕೆಲಸ ಐದು: ಗೂಟದಿಂದ ಗೂಟಕ್ಕೆ ವಸ್ತು ಸಾಗಿಸುವುದು, ಗಾಜ್ ಬಟ್ಟೆಯ ಮೇಲೆ ಗುರುತಿಸಿದ ವೃತ್ತವನ್ನು ಕತ್ತರಿಸುವುದು, ಕುಣಿಕೆ ಹಾಕಿ ಬಿಗಿಯುವುದು, ಗಂಟನ್ನು ಹೊರಗೆ ಹಾಕಿ ಒಳಕ್ಕೆ ತಳ್ಳುವುದು, ಒಳಗೇ ಹೊಲಿದು ಗಂಟು ಹಾಕುವುದು. ಮೊದಲನೆಯದು ನೋಡಲು ಮಕ್ಕಳ ಆಟ. ಹನ್ನೆರಡು ಗೂಟಗಳ ಹಲಗೆಯಲ್ಲಿ ಆರು ರಬ್ಬರ್ ತುಂಡುಗಳು. ಒಂದೊಂದನ್ನೂ ಎಡಗೈಯ ಉಪಕರಣದಿಂದ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಆಚೆ ಬದಿಯ ಗೂಟಕ್ಕೆ ಇಳಿಸಬೇಕು. ಆರೂ ಆದ ಮೇಲೆ ಅದೇ ದಾರಿಯಲ್ಲಿ ವಾಪಸ್. ಪರೀಕ್ಷೆಯ ಗರಿಷ್ಠ ಮಿತಿ 300 ಸೆಕೆಂಡು. ಪರಿಣತರ ವೇಗವನ್ನು ಅಳೆದು ನಿಗದಿ ಮಾಡಿದ ಅಭ್ಯಾಸದ ಗುರಿ 48 ಸೆಕೆಂಡು. ಹೊಸಬರು ತುಂಡನ್ನು ಗೂಟದ ಮುಂದೆಯೋ ಹಿಂದೆಯೋ ಬಿಡುತ್ತಾರೆ, ಏಕೆಂದರೆ ಪರದೆ ಆಳವನ್ನು ತೋರಿಸುವುದಿಲ್ಲ. ಉಪಕರಣದ ತುದಿಯಿಂದ ಗೂಟವನ್ನು ಮೆಲ್ಲಗೆ ಮುಟ್ಟಿ ದೂರ ಅಳೆಯುವ ಉಪಾಯ ಕೈಗೆ ಬರುವವರೆಗೂ ಇದು ತಪ್ಪುವುದಿಲ್ಲ.

ಐದನೆಯ ಕೆಲಸ ಎಲ್ಲಕ್ಕಿಂತ ಕಠಿಣ, ಎಲ್ಲಕ್ಕಿಂತ ಪ್ರಯೋಜನಕಾರಿ. ಪೆಟ್ಟಿಗೆಯ ತಳಕ್ಕೆ ಅಂಟಿಸಿದ ಮೆದುವಾದ ರಬ್ಬರ್ ನಳಿಕೆಯಲ್ಲಿ ಒಂದು ಸೀಳು. ಅದರ ಎರಡೂ ಕಡೆ ಶಾಯಿಯ ಚುಕ್ಕೆ. ಸುಮಾರು 15 ಸೆಂಟಿಮೀಟರ್ ದಾರದ ಸೂಜಿಯನ್ನು ಒಂದು ಚುಕ್ಕೆಯಲ್ಲಿ ಚುಚ್ಚಿ ಇನ್ನೊಂದರಲ್ಲಿ ಹೊರತೆಗೆಯಬೇಕು. ನಂತರ ದಾರವನ್ನು ಉಪಕರಣದ ತುದಿಗೆ ಎರಡು ಸುತ್ತು ಸುತ್ತಿ, ಮೋಟು ತುದಿಯನ್ನು ಹಿಡಿದೆಳೆದು, ಸೀಳು ಮುಚ್ಚುವಷ್ಟು ಮಾತ್ರ ಬಿಗಿಯಬೇಕು. ಆಮೇಲೆ ಕೈ ಬದಲಿಸಿ ಒಂದು ಸುತ್ತು, ಮತ್ತೆ ಬದಲಿಸಿ ಇನ್ನೊಂದು. ಜೋರಾಗಿ ಎಳೆದು ನಳಿಕೆ ತಳದಿಂದ ಕಿತ್ತು ಬಂದರೆ ಅಂಕ ಸೊನ್ನೆ. ಈ ನಿಯಮ ಕಟುವೆನಿಸಿದರೂ ನ್ಯಾಯವಾದದ್ದು: ಕರುಳನ್ನು ಹೊಲಿಯುವಾಗ ಅಷ್ಟು ಎಳೆದರೆ ಹರಿಯುವುದು ರಬ್ಬರ್ ಅಲ್ಲ. ಸೂಜಿಯನ್ನು ಸರಿಯಾದ ಕೋನದಲ್ಲಿ ಹಿಡಿಯುವುದಕ್ಕೇ ಆರಂಭದಲ್ಲಿ ನಿಮಿಷಗಳು ಕಳೆಯುತ್ತವೆ. ಹಿಡಿದ ಸೂಜಿ ತಿರುಗಿ ಬೀಳುತ್ತದೆ, ದಾರ ಉಪಕರಣದಿಂದ ಜಾರುತ್ತದೆ. ಇದರ ಗುರಿ 112 ಸೆಕೆಂಡು. ಅಲ್ಲಿಗೆ ತಲುಪಿದ ವಿದ್ಯಾರ್ಥಿ ಥಿಯೇಟರಿನಲ್ಲಿ ಗಂಟಿನ ಬಗ್ಗೆ ಯೋಚಿಸುತ್ತ ನಿಲ್ಲಬೇಕಾಗಿಲ್ಲ, ಅವರ ಗಮನವೆಲ್ಲ ರೋಗಿಯ ಅಂಗರಚನೆಯ ಮೇಲಿರುತ್ತದೆ.

ಪೆಟ್ಟಿಗೆಯನ್ನು ದುಬಾರಿ ಬೆಲೆಗೆ ಕೊಳ್ಳಲೇಬೇಕೆಂದಿಲ್ಲ. ಪ್ಲಾಸ್ಟಿಕ್ ಡಬ್ಬಿ ಅಥವಾ ರಟ್ಟಿನ ಪೆಟ್ಟಿಗೆ, ವೆಬ್‌ಕ್ಯಾಮ್ ಇಲ್ಲವೇ ಹಳೆಯ ಮೊಬೈಲ್, ಎಲ್‌ಇಡಿ ಪಟ್ಟಿ, ಆಸ್ಪತ್ರೆಯಲ್ಲಿ ಬಳಸಿ ಬದಿಗಿಟ್ಟ ಉಪಕರಣಗಳು ಇದ್ದರೆ ಹಾಸ್ಟೆಲ್ ಕೋಣೆಯಲ್ಲೇ ಒಂದನ್ನು ಜೋಡಿಸಿಕೊಳ್ಳಬಹುದು. ಪಿಜಿ ವಿದ್ಯಾರ್ಥಿಗಳು ಹಾಗೆ ಮಾಡಿಕೊಳ್ಳುವುದು ಭಾರತದಲ್ಲಿ ಅಪರೂಪವಲ್ಲ. ದ್ರಾಕ್ಷಿಯ ಸಿಪ್ಪೆ ಸುಲಿಯುವುದು, ಅಕ್ಕಿ ಕಾಳು ಎತ್ತಿಡುವುದು, ಕೋಳಿ ತೊಡೆಯ ಚರ್ಮವನ್ನು ಮಾಂಸದಿಂದ ಬಿಡಿಸುವುದು ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ರಾತ್ರಿ ಡ್ಯೂಟಿಯ ನಡುವಿನ ಅರ್ಧ ಗಂಟೆಯಲ್ಲೂ ಕೈಗೆ ಸಿಗುವ ಸಾದಾ ಪೆಟ್ಟಿಗೆ, ಬೀಗ ಹಾಕಿದ ಕೋಣೆಯಲ್ಲಿರುವ ಕೋಟಿ ಬೆಲೆಯ ಯಂತ್ರಕ್ಕಿಂತ ಹೆಚ್ಚು ಸರ್ಜನ್‌ಗಳನ್ನು ತಯಾರು ಮಾಡುತ್ತದೆ.

ಕಂಪ್ಯೂಟರ್ ಆಧಾರಿತ ಯಂತ್ರಗಳ ಲಾಭ ಬೇರೆ ಬಗೆಯದು. ಸ್ವೀಡನ್‌ನ ಲ್ಯಾಪ್‌ಸಿಮ್, ಇಸ್ರೇಲಿನಲ್ಲಿ ಹುಟ್ಟಿದ ಲ್ಯಾಪ್ ಮೆಂಟರ್ ಮುಂತಾದವುಗಳಲ್ಲಿ ಹಿಡಿಗಳು ಮಾತ್ರ ನಿಜ, ಅಂಗಾಂಗಗಳೆಲ್ಲ ಪರದೆಯ ಮೇಲಿನ ಸೃಷ್ಟಿ. ಇಡೀ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ಅವುಗಳಲ್ಲಿ ಆರಂಭದಿಂದ ಕೊನೆಯವರೆಗೆ ಮಾಡಬಹುದು. ತಪ್ಪಾದ ಕಡೆ ಕತ್ತರಿಸಿದರೆ ರಕ್ತ ಚಿಮ್ಮುತ್ತದೆ. ಮತ್ತೆ ಮೊದಲಿಂದ ಶುರು ಮಾಡಬಹುದು. ಎಡಗೈ ಎಷ್ಟು ದೂರ ಚಲಿಸಿತು, ಬಲಗೈ ಎಷ್ಟು ಬಾರಿ ಅನವಶ್ಯಕವಾಗಿ ಅಲೆಯಿತು, ಅಂಗಾಂಶ ಸುಡುವ ವಿದ್ಯುತ್ ಕೊಕ್ಕೆ ನೋಟದಿಂದ ಹೊರಗಿದ್ದಾಗ ಎಷ್ಟು ಹೊತ್ತು ಉರಿಯಿತು ಎಂಬುದನ್ನೆಲ್ಲ ಯಂತ್ರ ತಾನೇ ದಾಖಲಿಸುತ್ತದೆ.

ಯಂತ್ರದ ಮೇಲೆ ಕಲಿತದ್ದು ರೋಗಿಯವರೆಗೆ ತಲುಪುತ್ತದೆಯೇ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 2002ರಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ 16 ಮಂದಿ ರೆಸಿಡೆಂಟ್‌ಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಪರಿಣತರ ಮಟ್ಟ ಮುಟ್ಟುವವರೆಗೆ ಯಂತ್ರದ ಮೇಲೆ ಅಭ್ಯಾಸ ಕೊಡಲಾಯಿತು. ನಂತರ ಎರಡೂ ಗುಂಪಿನವರು ನಿಜವಾದ ರೋಗಿಯಲ್ಲಿ ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವ ಹಂತವನ್ನು ಮಾಡಿದರು. ಯಾರು ಯಾವ ಗುಂಪಿನವರು ಎಂದು ತಿಳಿಯದ ಪರೀಕ್ಷಕರು ವಿಡಿಯೊ ನೋಡಿ ತಪ್ಪುಗಳನ್ನು ಎಣಿಸಿದರು. ತರಬೇತಿ ಪಡೆದವರು ಶೇ 29ರಷ್ಟು ಬೇಗ ಮುಗಿಸಿದರು. ತರಬೇತಿಯಿಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಸುಡಬಾರದ ಕಡೆ ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. 2009ರಲ್ಲಿ ಡೆನ್ಮಾರ್ಕಿನ ಸ್ತ್ರೀರೋಗ ವಿಭಾಗಗಳಲ್ಲಿ 24 ಮಂದಿ ಕಲಿಕಾರ್ಥಿಗಳ ಮೇಲೆ ನಡೆದ ಇಂಥದೇ ಪರೀಕ್ಷೆಯಲ್ಲಿ, ಗರ್ಭನಾಳ ತೆಗೆಯಲು ತರಬೇತಿ ಪಡೆದವರು 12 ನಿಮಿಷ, ಉಳಿದವರು 24 ನಿಮಿಷ ತೆಗೆದುಕೊಂಡರು. ಸಂಖ್ಯೆಗಳು ಚಿಕ್ಕವು, ಫಲಿತಾಂಶದ ದಿಕ್ಕು ಮಾತ್ರ ಆಮೇಲಿನ ಅಧ್ಯಯನಗಳಲ್ಲೂ ಬದಲಾಗಲಿಲ್ಲ.

ಕಂಪ್ಯೂಟರ್ ಯಂತ್ರಗಳ ಕೊರತೆ ಸ್ಪರ್ಶದಲ್ಲಿದೆ. ಅಂಗಾಂಶ ಎಳೆದಾಗ ಕೈಗೆ ಬರುವ ಪ್ರತಿರೋಧವನ್ನು ಮೋಟಾರುಗಳಿಂದ ಹುಟ್ಟಿಸುವುದು ಕಷ್ಟದ, ದುಬಾರಿ ಎಂಜಿನಿಯರಿಂಗ್. ಈ ದಿಕ್ಕಿನಲ್ಲಿ ಬೆಂಗಳೂರಿನ ಕೊಡುಗೆಯೊಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಜಿ.ಕೆ. ಅನಂತಸುರೇಶ್ ಅವರ ಪ್ರಯೋಗಾಲಯದ ಸಂಶೋಧನೆಯಿಂದ ಮಿಮಿಕ್ ಎಂಬ ನವೋದ್ಯಮ ಹುಟ್ಟಿತು. ಅದು ಕೈಹಾಕಿದ್ದು ಕೀಹೋಲ್‌ಗೆ ಹತ್ತಿರದ ಬಂಧುವಾದ ಎಂಡೋಸ್ಕೋಪಿಗೆ: ಬಾಯಿ ಅಥವಾ ಗುದದ್ವಾರದಿಂದ ಮೆದುವಾದ ಕೊಳವೆ ಇಳಿಸಿ ಜೀರ್ಣಾಂಗವನ್ನು ಪರೀಕ್ಷಿಸುವ ವಿಧಾನ. ಕಲಿಕಾರ್ಥಿ ನಿಜವಾದ ಕೊಳವೆಯಂಥದ್ದನ್ನೇ ಯಂತ್ರದೊಳಗೆ ತೂರಿಸಿದಾಗ, ಒಳಗಿನ ಸಾಧನ ಕರುಳಿನ ತಿರುವಿಗೆ ತಕ್ಕ ತಡೆಯನ್ನು ಕೈಗೆ ಉಣಿಸುತ್ತದೆ. ಇಂಥ ಯಂತ್ರಗಳನ್ನೆಲ್ಲ ಹೊರದೇಶಗಳಿಂದಲೇ ತರಿಸಬೇಕಾಗಿದ್ದ ದೇಶಕ್ಕೆ ಇದು ಸಣ್ಣ ಹೆಜ್ಜೆಯಲ್ಲ.

ಜೀವಂತ ಅಂಗಾಂಶದ ಮೃದುತ್ವ, ಜಾರುವಿಕೆ, ಪದರಗಳ ನಡುವಿನ ಸಂದು ಯಾವ ರಬ್ಬರಿನಲ್ಲೂ ಸಿಗುವುದಿಲ್ಲ. ಅದಕ್ಕಾಗಿ ಮಾಂಸದಂಗಡಿಯಿಂದ ತಂದ ಮೇಕೆಯ ಕರುಳು, ಪಿತ್ತಕೋಶ ಅಂಟಿಕೊಂಡಿರುವ ಯಕೃತ್ತು ಭಾರತದ ಕಾರ್ಯಾಗಾರಗಳಲ್ಲಿ ಬಳಕೆಯಾಗುತ್ತವೆ. ಜೀವಂತ ಪ್ರಾಣಿಗಳ ಬಳಕೆಯನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿಯ ನಿಯಮಗಳು ಬಿಗಿಯಾಗಿ ಮಿತಿಗೊಳಿಸಿವೆ. ಬೇರೆ ದಾರಿಗಳು ಇಷ್ಟು ಬೆಳೆದಿರುವಾಗ ಆ ಬಿಗಿ ಸರಿಯಾದದ್ದೇ.

ಮಾನವ ಅಂಗರಚನೆಯ ನಿಜವಾದ ಪಾಠ ಮೃತದೇಹದಲ್ಲಿದೆ. ಫಾರ್ಮಲಿನ್‌ನಲ್ಲಿಟ್ಟ ದೇಹ ಗಟ್ಟಿಯಾಗುವುದರಿಂದ ಕೀಹೋಲ್‌ಗೆ ಬೇಕಾದಂತೆ ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಲಾಗದು. ಅದಕ್ಕೆ ಶೈತ್ಯೀಕರಿಸಿದ ತಾಜಾ ದೇಹ ಬೇಕು, ಇಲ್ಲವೇ ಆಸ್ಟ್ರಿಯದ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ, ಕೀಲು ಮತ್ತು ಸ್ನಾಯುಗಳನ್ನು ಮೆತ್ತಗೆ ಉಳಿಸುವ ಸಂರಕ್ಷಣಾ ಕ್ರಮ ಬೇಕು. ಬೆಂಗಳೂರಿನ ಎಂ.ಎಸ್. ರಾಮಯ್ಯ ಅಡ್ವಾನ್ಸ್‌ಡ್ ಲರ್ನಿಂಗ್ ಸೆಂಟರ್‌ನಲ್ಲಿ ಶೈತ್ಯೀಕರಿಸಿದ ದೇಹಗಳ ಮೇಲೆ ಶಸ್ತ್ರಚಿಕಿತ್ಸಾ ತರಬೇತಿ ನಡೆಯುತ್ತದೆ. ಇದೆಲ್ಲಕ್ಕೂ ಆಧಾರ ದೇಹದಾನ. ಕರ್ನಾಟಕದಲ್ಲಿ ಅದಕ್ಕೆ 1957ರ ಅಂಗರಚನಾ ಕಾಯ್ದೆಯ ಚೌಕಟ್ಟಿದೆ. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜೊಂದರಲ್ಲಿ ವೈದ್ಯರೊಬ್ಬರು, ವೈದ್ಯರೇ ಆಗಿದ್ದ ತಂದೆಯ ಇಚ್ಛೆಯಂತೆ, ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಹೇಳಿದರು. ದೇಹದಾನದ ಬಗ್ಗೆ ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಮಾತು ಹುಟ್ಟಿಸಿದ ಘಟನೆ ಅದು.

ಸಾಧನಗಳಿಂದ ಸಂಸ್ಥೆಗಳ ಕಡೆಗೆ ತಿರುಗುವುದಾದರೆ, ಉದಾಹರಣೆಗೆ ದಕ್ಷಿಣ ಬೆಂಗಳೂರಿನ ಅರೆಕೆರೆಯ ಸುತ್ತಲಿನ ನಕ್ಷೆ ನೋಡಿದರೆ ಈ ತರಬೇತಿಯ ಅಗತ್ಯ ಮತ್ತು ಹೊಣೆ ಎರಡೂ ಕಣ್ಣಿಗೆ ಬೀಳುತ್ತವೆ. ಬನ್ನೇರುಘಟ್ಟ ರಸ್ತೆಯಲ್ಲಿ ಅರೆಕೆರೆಗೂ ಬಿಳೇಕಹಳ್ಳಿಗೂ ನಡುವೆ, ಐಐಎಂ ಎದುರಿಗೆ, ಫೋರ್ಟಿಸ್ ಮತ್ತು ಅಪೊಲೊ ಆಸ್ಪತ್ರೆಗಳು ಅಕ್ಕಪಕ್ಕದಲ್ಲಿವೆ. ಕೀಹೋಲ್ ಶಸ್ತ್ರಚಿಕಿತ್ಸೆ ಇಲ್ಲಿ ದಿನನಿತ್ಯದ ಕೆಲಸ. ಬನಶಂಕರಿಯಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಬಹುಪಾಲಿನ ಪಠ್ಯ, ಪರೀಕ್ಷೆಗಳನ್ನು ನಿರ್ಧರಿಸುವ, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಜಯನಗರದ ನಾಲ್ಕನೆಯ ಟಿ ಬ್ಲಾಕಿನಲ್ಲಿ. ಈ ವಿಶ್ವವಿದ್ಯಾಲಯ ಎಂಎಸ್ ನಂತರದ ಫೆಲೋಶಿಪ್‌ಗಳನ್ನೂ ನಡೆಸುತ್ತದೆ; ಮಿನಿಮಲ್ ಆಕ್ಸೆಸ್ ಸರ್ಜರಿ, ಅಂದರೆ ಕೀಹೋಲ್ ಶಸ್ತ್ರಚಿಕಿತ್ಸೆ, ಅವುಗಳಲ್ಲೊಂದು. ಹೀಗೆ ರಾಯಚೂರು, ಚಾಮರಾಜನಗರಗಳ ಪಿಜಿ ವಿದ್ಯಾರ್ಥಿ ಏನನ್ನು ಕಲಿತು ಪದವಿ ಪಡೆಯಬೇಕು ಎಂಬ ನಿರ್ಧಾರ ಅರೆಕೆರೆಗೆ ಸಮೀಪದಲ್ಲೇ ಆಗುತ್ತದೆ.

ಅಮೆರಿಕದಲ್ಲಿ ಸರ್ಜರಿ ಮಂಡಳಿಯ ಪ್ರಮಾಣಪತ್ರ ಬೇಕಾದರೆ ಸುಮಾರು 2010ರಿಂದ ಎಫ್‌ಎಲ್‌ಎಸ್ ಪಾಸಾಗಿರಲೇಬೇಕು. ಭಾರತದಲ್ಲಿ ಅಂಥ ದೇಶವ್ಯಾಪಿ ಕಡ್ಡಾಯ ಪರೀಕ್ಷೆಯಿಲ್ಲ. 2019ರ ವೈದ್ಯಕೀಯ ಶಿಕ್ಷಣ ನಿಯಮಗಳು ಎಂಬಿಬಿಎಸ್ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಇರಬೇಕೆಂದವು. ಇಂಜೆಕ್ಷನ್, ಹೊಲಿಗೆ, ಹೃದಯ ಪುನಶ್ಚೇತನದಂಥ ಮೂಲ ಕೌಶಲಗಳಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಕೀಹೋಲ್ ಮಟ್ಟದ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿರುವುದು ವೃತ್ತಿ ಸಂಘಗಳು. 1993ರಲ್ಲಿ ಆರಂಭವಾದ ಐಎಜಿಇಎಸ್ ಮತ್ತು ಕೊಯಮತ್ತೂರಿನ ಡಾ. ಸಿ. ಪಳನಿವೇಲು ಮುಂಚೂಣಿಯಲ್ಲಿ ನಿಂತು ಬೆಳೆಸಿದ ಅಮಾಸಿ ಊರೂರುಗಳಲ್ಲಿ ಕೋರ್ಸ್ ನಡೆಸಿ, ಎಂಡೋಟ್ರೇನರ್ ಮೇಲೆ ಅಭ್ಯಾಸ ಮಾಡಿಸಿ, ಪರೀಕ್ಷಿಸಿ ಫೆಲೋಶಿಪ್ ಕೊಡುತ್ತವೆ. ಆದರೆ ಕೆಲವೇ ದಿನಗಳ ಕೋರ್ಸ್ ಎಷ್ಟು ಚೆನ್ನಾಗಿದ್ದರೂ ಕೈ ಪಳಗಿಸಲು ಸಾಲದು. ಒಂದೇ ದಿನ ಗಂಟೆಗಟ್ಟಲೆ ಕೂರುವುದಕ್ಕಿಂತ ವಾರಗಳಿಗೆ ಹಂಚಿದ ಸಣ್ಣ ಸಣ್ಣ ಅಭ್ಯಾಸ ಹೆಚ್ಚು ಉಳಿಯುತ್ತದೆ ಎಂಬುದನ್ನು 2006ರಲ್ಲಿ ಟೊರಾಂಟೊದಲ್ಲಿ ರೆಸಿಡೆಂಟ್‌ಗಳಿಗೆ ಸೂಕ್ಷ್ಮ ರಕ್ತನಾಳ ಹೊಲಿಗೆ ಕಲಿಸಿ ತೋರಿಸಲಾಗಿದೆ. ಆದ್ದರಿಂದ ಕೋರ್ಸ್ ಮುಗಿಸಿ ಬಂದವರ ಕೈಗೆ ಅವರವರ ಕಾಲೇಜಿನಲ್ಲೇ ಒಂದು ಪೆಟ್ಟಿಗೆ, ಸೆಕೆಂಡುಗಳಲ್ಲಿ ನಿಗದಿಯಾದ ಗುರಿ, ತಪ್ಪನ್ನು ಆಗಲೇ ತೋರಿಸಿಕೊಡುವ ಹಿರಿಯರು ಸಿಗಬೇಕು. ಇವುಗಳಲ್ಲಿ ಅತಿ ವಿರಳವಾದದ್ದು ಕೊನೆಯದು; ಹೊರರೋಗಿಗಳ ಸಾಲು, ಥಿಯೇಟರಿನ ಪಟ್ಟಿ ಮುಗಿಸಿದ ಹಿರಿಯ ಸರ್ಜನ್‌ಗೆ ಪೆಟ್ಟಿಗೆಯ ಪಕ್ಕ ಕೂರಲು ವೇಳಾಪಟ್ಟಿಯಲ್ಲೇ ಜಾಗವಿರಬೇಕು.

ಅಳತೆಯಲ್ಲಿ ಸೆಕೆಂಡೇ ಎಲ್ಲವೂ ಅಲ್ಲ. ಮೆಕ್‌ಗಿಲ್‌ನಲ್ಲೇ ರೂಪುಗೊಂಡ ಗೋಲ್ಸ್ ಎಂಬ ಮಾಪಕ ಐದು ಗುಣಗಳನ್ನು ನೋಡುತ್ತದೆ: ಆಳದ ಅಂದಾಜು, ಎರಡೂ ಕೈಗಳ ಹೊಂದಾಣಿಕೆ, ಚಲನೆಯ ಮಿತವ್ಯಯ, ಅಂಗಾಂಶವನ್ನು ಹಿಡಿಯುವ ನಯ, ಸ್ವತಂತ್ರವಾಗಿ ಮುಂದುವರಿಯುವ ಶಕ್ತಿ. ವಿಡಿಯೊ ನೋಡಿ ಅಂಕ ಕೊಡಬಹುದಾದ್ದರಿಂದ ಜಿಲ್ಲಾ ಕೇಂದ್ರದ ವಿದ್ಯಾರ್ಥಿಯ ಕೆಲಸವನ್ನು ಬೆಂಗಳೂರಿನ ಪರೀಕ್ಷಕರೂ ತೂಗಬಹುದು. ಆದರೂ ಕೈಚಳಕ ಅರ್ಧ ಮಾತ್ರ. ಪಿತ್ತನಾಳದ ಗಾಯಗಳಲ್ಲಿ ಹೆಚ್ಚಿನವು ಕೈ ತಪ್ಪಿ ಆಗುವುದಿಲ್ಲ, ಮುಖ್ಯ ನಾಳವನ್ನೇ ಪಿತ್ತಕೋಶದ ನಾಳವೆಂದು ಕಣ್ಣು ಭ್ರಮಿಸುವುದರಿಂದ ಆಗುತ್ತವೆ. ಪಿತ್ತಕೋಶಕ್ಕೆ ಹೋಗುವ ರಚನೆಗಳು ಎರಡೇ ಎಂಬುದು ಸ್ಪಷ್ಟವಾಗಿ ಕಾಣುವವರೆಗೆ ಏನನ್ನೂ ಕತ್ತರಿಸಬಾರದು ಎಂದು ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ವಿವರಿಸಿದ ನಿಯಮವನ್ನು ಈಗಿನ ತರಬೇತಿಗಳು ವಿಡಿಯೊಗಳ ಮೂಲಕ ಕಲಿಸುತ್ತವೆ: ಚಿತ್ರ ನಿಲ್ಲಿಸಿ, ಇಲ್ಲಿ ಕ್ಲಿಪ್ ಹಾಕಬಹುದೇ ಎಂದು ಕೇಳುತ್ತವೆ. ತಂಡದ ಅಭ್ಯಾಸವೂ ಇದೇ ಸಾಲಿನದು. ಹಠಾತ್ ರಕ್ತಸ್ರಾವವಾದಾಗ ಸ್ಕೋಪ್ ಹಿಡಿದವರು ಹಿಂದೆ ಸರಿಯಬೇಕೋ ಅಲ್ಲೇ ನಿಲ್ಲಬೇಕೋ, ನರ್ಸ್ ಯಾವ ಉಪಕರಣ ಮೊದಲು ಕೊಡಬೇಕು, ಯಾವ ಕ್ಷಣದಲ್ಲಿ ಹೊಟ್ಟೆ ತೆರೆಯುವ ನಿರ್ಧಾರಕ್ಕೆ ಬರಬೇಕು ಎಂಬುದನ್ನು ಬೊಂಬೆಯ ಮೇಲೆ ಒಟ್ಟಾಗಿ ಮಾಡಿ ನೋಡಿದ ತಂಡ ನಿಜವಾದ ತುರ್ತಿನಲ್ಲಿ ಕಡಿಮೆ ಗಲಿಬಿಲಿಗೊಳ್ಳುತ್ತದೆ.

ರೋಬೊಟಿಕ್ ಶಸ್ತ್ರಚಿಕಿತ್ಸೆ ಬಂದ ಮೇಲೆ ಅನುಕರಣ ತರಬೇತಿ ಇನ್ನಷ್ಟು ಸಹಜವಾಗಿದೆ. ಸರ್ಜನ್ ಹೇಗೂ ರೋಗಿಯಿಂದ ದೂರದಲ್ಲಿ, ಕನ್ಸೋಲ್ ಮುಂದೆ ಕೂರುವುದರಿಂದ ಅದೇ ಕನ್ಸೋಲಿಗೆ ತರಬೇತಿಯ ತಂತ್ರಾಂಶ ಜೋಡಿಸಿದರೆ ಅದೇ ಅನುಕರಣ ಯಂತ್ರವಾಗುತ್ತದೆ. ಚಿತ್ರಕ್ಕೆ ಆಳವಿದೆ, ಉಪಕರಣದ ತುದಿಗೆ ಮಣಿಕಟ್ಟಿದೆ, ತಿರುವುಮುರುವು ಇಲ್ಲ. ಹೀಗಾಗಿ ಕೆಲವು ಕೌಶಲಗಳು ಇಲ್ಲಿ ಬೇಗ ಬರುತ್ತವೆ. ಆದರೆ ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಬಹುಕಾಲ ಇರಲಿರುವುದು ಸಾಮಾನ್ಯ ಉದರದರ್ಶಕವೇ. ಅಲ್ಲಿ ಕೆಲಸ ಮಾಡಲಿರುವವರಿಗೆ ಆರು ರಬ್ಬರ್ ತುಂಡುಗಳು ಮತ್ತು ಒಂದು ಸೀಳಿದ ನಳಿಕೆಯ ಪಾಠವೇ ಮೊದಲು ಬೇಕಾದದ್ದು.